ಮನೆದೇವರನ್ನು ಹುಡುಕಿಕೊಂಡು ಹೋದ ಫಜೀತಿ

ಹಿರಿಯರ ಮೂಲ ಹುಡುಕಲು ಹೊರಟವರ ಮನೆಯಲ್ಲಿ ಒಂದಲ್ಲ ಒಂದು ಫಜೀತಿ ಆಗಿಯೇ ಆಗುತ್ತದೆ. ನಮ್ಮ ಮನೆಯಲ್ಲಂತೂ ಒಂದರ ಹಿಂದೊಂದು ಆದವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಬೆಳಗಾವಿಯ ಶಿವಬಸವ ನಗರದಲ್ಲಿದ್ದೆವು. ನಾನಾಗ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಟೈಪಿಸ್ಟ್. ಅಕ್ಕನನ್ನು ನೋಡಲು ಗಂಡಿನವರು ಬಂದ ದಿನವೇ ಇದೆಲ್ಲ ಸುರುವಾದದ್ದು.

ಕುದುರೆ

ಅವಲಕ್ಕಿ ತಿಂದು, ಚಹಾ ಕುಡಿದು, ಗಂಡಿನ ತಂದೆ ಕೇಳಿದರು: "ನಿಮ್ಮ ಮೂಲ ಊರು ಯಾವುದ್ರಿ? ಮನಿದೇವ್ರು?"

ಅಪ್ಪ ಅವ್ವನ ಮುಖ ನೋಡಿದ. ಅವ್ವ ಮಾಳಿಗೆ ನೋಡಿದಳು. ಬೆಳಗಾವಿ ಬಿಟ್ಟರೆ ಬೇರೆ ಊರೇ ನಮಗೆ ಗೊತ್ತಿರಲಿಲ್ಲ. ಆಗ ನಮ್ಮ ದೊಡ್ಡಪ್ಪ ಮೀಸೆ ತೀಡಿ, "ನಮ್ಮದು ಸರದಾರ ಮನೆತನರೀ. ನಮ್ಮ ಮುತ್ತ್ಯಾ ಕತ್ತಿ ಹಿಡಕೊಂಡು, ಕುದುರಿ ಮ್ಯಾಲಿಂದ ಈ ಕಿಲ್ಲೇದಾಗ ಬಂದ ಇಳದ್ರು" ಅಂದುಬಿಟ್ಟ.

ಗಂಡಿನ ತಂದೆ ಯಾಕೋ ಸಪ್ಪಗಾದರು. "ತಿಳಸ್ತೀವ್ರಿ" ಅಂತ ಎದ್ದುಹೋದರು.

ಅವರು ಗೇಟು ದಾಟಿದ್ದೇ ತಡ, ಅವ್ವ, "ಭಾವಾರ, ನಿಮಗ ಸೈಕಲ್ ಹತ್ತಾಕ ಸೈತ ಬರೂದಿಲ್ಲ. ಕುದುರಿ ಎಲ್ಲಿಂದ ತಂದ್ರಿ?" ಅಂದಳು.

ದೊಡ್ಡಪ್ಪ ಜಗ್ಗಲಿಲ್ಲ. "ನಾ ಇಳದ್ರು ಅಂದೆ. ಹತ್ತಿದ್ರು ಅಂದ್ನೇನು?"

ವಂಶಾವಳಿ

ಅಪ್ಪನ ಸೋದರತ್ತೆ ಖಾನಾಪುರದಲ್ಲಿದ್ದಳು. ನಮಗೆಲ್ಲ ಆಕೆ ಖಾನಾಪುರ ಅಜ್ಜಿ. ಆಕೆಯನ್ನೇ ಕೇಳೋಣವೆಂದು ನಾನೂ ಅಪ್ಪನೂ ಕೆಂಪು ಬಸ್ಸು ಹತ್ತಿ ಹೋದೆವು.

"ಅಜ್ಜೀ, ನಿಮ್ಮಜ್ಜನ ಹೆಸರೇನಿತ್ತು?" ಅಂದೆ.

"ಅಜ್ಜಗ ಹೆಸರು ಹಿಡದು ಕರೀತಾರೇನೋ ಖೋಡಿ? ಅಜ್ಜಾ ಅಂತಿದ್ವಿ."

"ಅವರಪ್ಪನ ಹೆಸರು?"

"ಅಂವಾ ನಮ್ಮಪ್ಪಗ ಅಜ್ಜ."

ನಾನು ಕೈಚೆಲ್ಲಿದೆ. ಆಗ ಅಜ್ಜಿ ತಾನಾಗಿಯೇ, "ಅಜ್ಜನ ಎಮ್ಮಿ ಹೆಸರು ಬೇಕಾದ್ರ ಕೇಳು, ದಿನಾ ರಾತ್ರಿ ಅವುಗಳ ಕಥೀನ ಹೇಳ್ತಿದ್ದ" ಅಂತ ಸುರುಮಾಡಿದಳು. ಚಂದ್ರಿ, ಚಂದ್ರಿಯ ಮಗಳು ಮೋರಿ, ಮೋರಿಯ ಮಗಳು ಕೆಂಪಿ, ಯಾವುದು ಹಾಯುತ್ತಿತ್ತು, ಯಾವುದರ ಹಾಲು ಗಟ್ಟಿ, ಎಲ್ಲ ಬಂತು. ಹೇಳುತ್ತ ಹೇಳುತ್ತ ಆಕೆಯ ಮುಖ ಸಣ್ಣ ಹುಡುಗಿಯದಾಯಿತು.

"ಅಷ್ಟೊಂದು ಎಮ್ಮಿ ಯಾಕಿದ್ವು ಅತ್ತಿ?" ಅಪ್ಪ ಕೇಳಿದ.

"ಅಡವ್ಯಾಗಿನ ಗೌಳಿಗರ ಮನ್ಯಾಗ ಎಮ್ಮಿ ಇರದ ಆನಿ ಇರ್ತಾವೇನು?"

ಅಪ್ಪ ಅಜ್ಜಿಯ ಹತ್ತಿರ ಸರಿದು ಕೂತ. "ಇಷ್ಟ ದಿನಾ ಯಾಕ ಹೇಳಲಿಲ್ಲ?" ಅಂದ.

"ನೀ ಕೇಳಿದ್ದೇನು?"

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ನಿಟ್ಟುಸಿರುಬಿಟ್ಟ: "ನಮ್ಮ ವಂಶಾವಳಿ ಸಿಗಲಿಲ್ಲ. ಎಮ್ಮೀದಾದ್ರೂ ಸಿಕ್ತಲ್ಲ."

ಬೀಗರ ಎದುರು

"ಸುಳ್ಳು ಹೇಳಿ ಮಗಳನ್ನ ಕೊಡೂದಿಲ್ಲ" ಅಂತ ಅಪ್ಪ ಹಟ ಹಿಡಿದ. ಅಕ್ಕನಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಆಕೆ ಅಡುಗೆಮನೆಯಲ್ಲಿ ಅಳುತ್ತ ಕೂತಳು. ನಾನೂ ಅಪ್ಪನೂ ಗಂಡಿನವರ ಮನೆಗೆ ಹೋದೆವು. ಅಪ್ಪ ಚಹಾದ ಬಸಿ ಕೆಳಗಿಟ್ಟು ಹೇಳಿದ:

"ಸರದಾರ ಅಂದದ್ದು ಖರೇ ಅಲ್ರೀ. ನಮ್ಮ ಹಿರ್‍ಯಾರು ಖಾನಾಪುರದ ಅಡವ್ಯಾಗ ಎಮ್ಮಿ ಕಾಯ್ತಿದ್ದ ಗೌಳಿಗರು. ಮುಂದಿಂದು ನಿಮಗ ಬಿಟ್ಟದ್ದು."

ಗಂಡಿನ ತಂದೆ ಎದ್ದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡರು. "ನಮ್ಮಜ್ಜನೂ ಅದ ಅಡವ್ಯಾಗ ಎಮ್ಮಿ ಕಾಯ್ದಾಂವನ್ರೀ! ನಿಮ್ಮಣ್ಣಾರು ಕುದುರಿ ಮ್ಯಾಲಿಂದ ಇಳದಾಗಿಂದ, ಇವರು ನಮಗೆಲ್ಲಿ ಹೆಣ್ಣು ಕೊಡ್ತಾರು ಅಂತ ನನಗ ಊಟಾನ ಸೇರಿಲ್ಲ."

ವಾಡಾ

ಲಗ್ನದ ಮೊದಲ ಕರೆಯೋಲೆ ಮನೆದೇವರಿಗೆ ಇಡಬೇಕಲ್ಲ? ಖಾನಾಪುರ ಅಜ್ಜಿಯನ್ನು ಮುಂದೆ ಮಾಡಿಕೊಂಡು, ಅಪ್ಪ, ಅವ್ವ, ನಾನು ಅಡವಿಯೊಳಗಿನ ಗೌಳಿವಾಡಾಕ್ಕೆ ನಡೆದೆವು. ಹುಲ್ಲಿನ ಗುಡಿಸಲು, ಸಗಣಿ ಮತ್ತು ಹೊಗೆಯ ವಾಸನೆ. ಒಬ್ಬ ಹೆಂಗಸು "ಹುರ್ರ್ ಹೋ, ಹುರ್ರ್ ಹೋ" ಅನ್ನುತ್ತ ಎಮ್ಮೆ ಅಟ್ಟುತ್ತಿದ್ದಳು. ನಾನು, ಅವ್ವ ಇಬ್ಬರೂ ತಿರುಗಿ ಅಪ್ಪನನ್ನು ನೋಡಿದೆವು. ಸಣ್ಣವರಿದ್ದಾಗ ನಮ್ಮನ್ನು ಶಾಲೆಗೆ ಎಬ್ಬಿಸಲು ಅಪ್ಪ ಕೂಗುತ್ತಿದ್ದದ್ದು ಅದನ್ನೇ. ತನ್ನ ಅಜ್ಜನಿಂದ ಕಲಿತದ್ದಂತೆ.

ದೇವರು ಒಂದು ಮರದ ಬುಡದ ಕಲ್ಲು. ಕರೆಯೋಲೆ ಇಟ್ಟು ಕೈಮುಗಿದೆವು. ವಾಡಾದ ಎಲ್ಲರಿಗಿಂತ ಹಿರಿಯ ಮುದುಕಿ ಕೋಲೂರಿಕೊಂಡು ಬಂದು ಅಪ್ಪನ ಗದ್ದ ಹಿಡಿದು, ಬಹಳ ಹೊತ್ತು ಮುಖ ನೋಡಿದಳು. ಆಮೇಲೆ ಏನೋ ಹೇಳಿದಳು. ಮರಾಠಿಯಂತೆ ಕೇಳಿಸಿದರೂ ಅದು ನಮ್ಮ ಪ್ಯಾಟಿಯ ಮರಾಠಿಯಲ್ಲ. ಖಾನಾಪುರ ಅಜ್ಜಿ ಕನ್ನಡದಲ್ಲಿ ಬಿಡಿಸಿ ಹೇಳಿದಳು:

"ನಿಮ್ಮ ಮುತ್ತ್ಯಾ ಬೆಣ್ಣಿ ಮಾರಿ ಸಂಜಿಗೆ ಬರ್ತೀನಿ ಅಂತ ಬೆಳಗಾವಿಗೆ ಹ್ವಾದಾಂವ, ತಿರುಗಿ ಬರ್ಲೇ ಇಲ್ಲಂತ. ಈಕಿ ಅತ್ತಿ, ಅಂದ್ರ ಅಂವನ ತಂಗಿ, ಸಾಯೂತನಕ ದಾರಿ ನೋಡಿದ್ಳಂತ."

ಅಪ್ಪನ ಕಣ್ಣು ತುಂಬಿ ಬಂತು. "ಈಗ ಬಂದೀವಿ ಅಂತ ಹೇಳು ಅತ್ತಿ."

ಮುದುಕಿ ತಲೆಯಾಡಿಸಿದಳು. ಅಪ್ಪನ ಕೈ ನೋಡಿದಳು, ಬೆನ್ನ ಹಿಂದೆ ಬಗ್ಗಿ ನೋಡಿದಳು, ಮತ್ತೇನೋ ಕೇಳಿದಳು.

ಖಾನಾಪುರ ಅಜ್ಜಿ ನಗು ತಡೆಯುತ್ತ, "ಬಂದದ್ದು ಛಲೋ ಆತಂತ. ಬೆಣ್ಣಿ ಒಯ್ದ ಹಿತ್ತಾಳಿ ಚರಗಿ ಎಲ್ಲೈತಿ ಅಂತ ಕೇಳ್ತಾಳ" ಅಂದಳು.

ಅವ್ವ, ಪೂಜೆಗೆಂದು ನೀರು ತಂದಿದ್ದ ನಮ್ಮ ಹಿತ್ತಾಳೆ ಚರಗಿ ತೆಗೆದು ಮುದುಕಿಯ ಕೈಗಿಟ್ಟಳು. ಮುದುಕಿ ಅದನ್ನು ತಿರುವಿ ನೋಡಿದಳು, ಬೆರಳಿನಿಂದ ಬಡಿದು ನೋಡಿದಳು, ಮುಖ ಸಿಂಡರಿಸಿದಳು.

"ಇದು ನಮ್ದಲ್ಲಂತ. ನಮ್ದು ಇದಕಿಂತ ದೊಡ್ಡದಿತ್ತಂತ."

ಹಾಗಂದವಳು ಚರಗಿಯನ್ನೇನೂ ತಿರುಗಿ ಕೊಡಲಿಲ್ಲ.