ಮಾವನ ಟ್ರಯಲ್

ನನ್ನ ಮದುವೆಗೆ ಒಂದು ದಿನ ಮೊದಲೇ ಬಂದು, ಊಟ ಮಾಡಿ, ಹೆಣ್ಣುಗಂಡಿಗೆ ಅಕ್ಷತೆ ಹಾಕಿ ಹೋದ ಪುಣ್ಯಾತ್ಮ ಯಾರಾದರೂ ಇದ್ದರೆ ಅದು ನಮ್ಮ ಮಾವ. ಆ ದಿನ ಅಲ್ಲಿ ನಡೆಯುತ್ತಿದ್ದುದು ಬೇರೆ ಯಾರದೋ ಮದುವೆ, ಅಷ್ಟೇ!

ಮಾವ ಎಂದರೆ ನನ್ನ ಅಪ್ಪನ ತಂಗಿಯ ಗಂಡ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದುಕೊಂಡು, ಮಿಲ್ಲಿನ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿ ಜೀವ ತೇದವರು. ಅಲ್ಲಿ ಯಾವ ಮೋಟಾರನ್ನೂ ಟ್ರಯಲ್ ನೋಡದೆ ಲೈನಿಗೆ ಕೊಡುವಂತಿರಲಿಲ್ಲವಂತೆ. ನಿವೃತ್ತರಾಗಿ ಶಿವಮೊಗ್ಗದ ವಿನೋಬನಗರಕ್ಕೆ ಬಂದ ಮೇಲೆ ಮೋಟಾರುಗಳು ಹೋದವು, ಟ್ರಯಲ್ ಉಳಿಯಿತು. ಹೊಸ ಚಪ್ಪಲಿ ತಂದರೆ ಒಂದು ವಾರ ಮನೆಯೊಳಗೇ ಓಡಾಟ. ಹೊಸ ಕೊಡೆ ತಂದರೆ ಬಚ್ಚಲಿನ ಷವರ್ ಕೆಳಗೆ ಪರೀಕ್ಷೆ. ನನ್ನ ಮದುವೆಯ ಕಲ್ಯಾಣ ಮಂಟಪಕ್ಕೆ ಬಸ್ಸು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹಿಂದಿನ ದಿನ ನೋಡಲು ಹೋದವರನ್ನು, ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಒಳಗೆ ಕರೆದರೆ ಬೇಡ ಎನ್ನಲಾಗುತ್ತದೆಯೇ? "ಊಟ ನಿನ್ನೇದೇ ಚೆನ್ನಾಗಿತ್ತು ಕಣೇ" ಎಂದು ಮರುದಿನ ನನ್ನ ಕಿವಿಯಲ್ಲಿ ಹೇಳಿದರು.

ಇಂಥವರು ಸೋಲಾರ್ ಹಾಕಿಸಲು ಹೊರಟರೆ ಏನಾಗಬೇಕು?

ಭದ್ರಾ ಹಿನ್ನೀರಿನ ದಂಡೆಯಲ್ಲಿ ಅವರದೊಂದು ಎರಡು ಕೋಣೆಯ ಶೀಟಿನ ಮನೆ ಇದೆ. ಆ ನೀರಿನ ಮೇಲೆ ಮಳೆ ಬೀಳುವುದನ್ನು ಕೂತು ನೋಡಬೇಕೆಂಬುದು ಅತ್ತೆಯ ಆಸೆ. ಅದಕ್ಕೇ ಕಟ್ಟಿಸಿದ್ದು. ಅಲ್ಲಿಗೆ ಕರೆಂಟಿನ ಲೈನು ಬಂದಿಲ್ಲ. ಮನೆ ಮುಗಿಯುವ ಹೊತ್ತಿಗೆ ಅತ್ತೆಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಶುರುವಾಯಿತು. ರಾತ್ರಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಗಾಳಿ ಊದುವ ಮಿಷನ್ ಹಚ್ಚಿಯೇ ಮಲಗಬೇಕು. ಹಾಗಾಗಿ ಬೆಳಗ್ಗೆ ಹಿನ್ನೀರಿಗೆ ಹೋಗುವುದು, ಸಂಜೆಯಾಗುತ್ತಲೇ ಚೀಲ ಹಿಡಿದು ಗೇಟಿನ ಹತ್ತಿರ ನಿಲ್ಲುವುದು. ಅತ್ತೆ ಅಲ್ಲಿ ಒಂದೇ ಒಂದು ರಾತ್ರಿ ಹೆದರಿಕೆಯಿಲ್ಲದೆ ಮಲಗಬೇಕು, ಮಾವನ ಹಟ ಇಷ್ಟೇ.

ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ.

"ಎರಡು ಲೈಟು, ಒಂದು ಫ್ಯಾನು. ಈ ಸೆಟ್ ಸಾಕು ಸಾರ್," ಎಂದ ಅಂಗಡಿಯವನು.

"ಒಂದ್ ಮಿಷನ್ ರಾತ್ರಿಯೆಲ್ಲ ಓಡ್ಬೇಕು. ಮೂರು ದಿನ ಬಿಸಿಲು ಬರ್ಲಿಲ್ಲ ಅಂದ್ರೆ?"

"ಮೂರು ದಿನ ಬಿಸಿಲು ಬರದ ಜಾಗಕ್ಕೆ ರಜೆ ಕಳೆಯೋಕೆ ಯಾರು ಹೋಗ್ತಾರೆ ಸಾರ್?"

"ನನ್ನ ಹೆಂಡ್ತಿ," ಎಂದರು ಮಾವ.

ಮನೆಗೆ ಬಂದವರೇ ಬ್ಯಾಟರಿಯ ಮೇಲಿನ ಲೋಡ್ ಇಳಿಸುವ ಕೆಲಸ ಹಿಡಿದರು. ಟಿವಿ ಹೋಯಿತು. ಕಾಫಿಯ ಕೆಟಲ್ ಹೋಯಿತು. ಡಿಸೆಂಬರಿನಲ್ಲೂ ಫ್ಯಾನಿಲ್ಲದೆ ಮಲಗದ ಮನುಷ್ಯ ಫ್ಯಾನನ್ನೂ ಲೆಕ್ಕದಿಂದ ತೆಗೆದುಹಾಕಿದರು. ಕೊನೆಗೆ ನೋಡಿದರೆ ಮಿಷನ್ನಿಗಿಂತ ಹೆಚ್ಚು ಕರೆಂಟು ಕುಡಿಯುವುದು ಗಾಳಿಗೆ ತೇವ ಕೊಡಲೆಂದು ಅದರೊಳಗಿನ ನೀರನ್ನು ಬೆಚ್ಚಗೆ ಮಾಡುವ ಹೀಟರ್.

"ಅದನ್ನ ಆಫ್ ಮಾಡಿದ್ರಾಯ್ತಲ್ರೀ," ಎಂದರು ಅತ್ತೆ.

"ತಣ್ಣನೆ ಗಾಳಿಗೆ ನಿಂಗೆ ಮೂಗು ಒಣಗುತ್ತೆ. ಬ್ಯಾಟರಿನೇ ದೊಡ್ಡದು ಹಾಕಿಸ್ತೀನಿ."

ಹಾಕಿಸಿದರು. ಮನೆಗಿಂತ ಪ್ಯಾನೆಲ್ಲೇ ದೊಡ್ಡದಾಯಿತು ಎಂದು ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ. "ನಡುರಾತ್ರಿ ನಿಂತುಹೋದ್ರೆ?" ಎಂದು ಕೇಳಿದರು. ಮಾವ ಎದ್ದುಹೋಗಿ ಕ್ಯಾಲೆಂಡರಿನಲ್ಲಿ ಆಷಾಢದ ಹಾಳೆ ತಿರುವಿದರು.

ಆಷಾಢದಲ್ಲಿ ಮೋಡ ಕವಿದು ಸೂರ್ಯ ನಾಪತ್ತೆಯಾಗಿದ್ದ ವಾರ, "ಪ್ಯಾನೆಲ್ ನೋಡ್ಕೊಂಡು ಬರ್ತೀನಿ" ಎಂದು ಮಾವ ಒಬ್ಬರೇ ಅಲ್ಲಿಗೆ ಹೋದರು. ಮೂರು ರಾತ್ರಿ ಕಳೆದ ಮೇಲೆ, ಬೆಳಗ್ಗೆ, ಅಲ್ಲಿ ಹಾಲು ಕೊಡುವ ಹೆಂಗಸು ಅತ್ತೆಗೆ ಫೋನು ಮಾಡಿದಳು. "ಅಮ್ಮಾ, ಸಾಹೇಬ್ರು ಮೂಗಿಗೆ ಪೈಪ್ ಹಾಕ್ಕೊಂಡು ಮಲ್ಗಿದಾರೆ. ಕರೆದ್ರೆ ಕೈ ಆಡಿಸ್ತಾರೆ, ಮಾತೇ ಇಲ್ಲ."

ಬಾಡಿಗೆ ಕಾರಿನಲ್ಲಿ ಅಲ್ಲಿಗೆ ತಲುಪುವವರೆಗೂ ಅತ್ತೆ ನನ್ನ ಕೈ ಬಿಡಲಿಲ್ಲ.

ಮಾವ ಮಂಚದ ಮೇಲೆ ಅಂಗಾತ ಮಲಗಿದ್ದರು. ಮುಖಕ್ಕೆ ಮಾಸ್ಕು, ಪಕ್ಕದಲ್ಲಿ ಅತ್ತೆಯದರಂಥದ್ದೇ ಒಂದು ಮಿಷನ್ನು. ಶಿವಮೊಗ್ಗದಲ್ಲಿ ಬಾಡಿಗೆಗೆ ತಂದಿದ್ದರಂತೆ. ನಮ್ಮನ್ನು ಕಂಡು ಮಾಸ್ಕ್ ಮೇಲೆತ್ತಿದರು.

"ಮಾತಾಡಿದ್ರೆ ಗಾಳಿ ಸೋರಿ ಟ್ರಯಲ್ ಕೆಡುತ್ತೆ, ಅದಕ್ಕೇ ಹಾಲಿನವಳ ಹತ್ರ ಮಾತಾಡ್ಲಿಲ್ಲ. ಮೂರು ರಾತ್ರಿ ಓಡ್ತು ನೋಡು, ಹೀಟರ್ ಸಮೇತ. ಬ್ಯಾಟರಿ ಇನ್ನೂ ಇದೆ, ನಿಲ್ಲೋವರೆಗೂ ನೋಡೋಣ ಅಂತ ಓಡಿಸ್ತಿದೀನಿ."

ಅತ್ತೆಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ನಿಮಗೇನು ತಲೆ ಕೆಟ್ಟಿದ್ಯಾ? ಕಾಯಿಲೆ ಇರೋದು ನಂಗೆ. ನನ್ನನ್ನೇ ಕರ್ಕೊಂಡು ಬಂದು ನೋಡ್ಬಹುದಿತ್ತಲ್ಲ."

"ನಿಂತುಹೋದ್ರೆ ನಂಗೇನೂ ಆಗಲ್ಲ ಮಾರಾಯ್ತಿ," ಎಂದರು ಮಾವ. "ನಿಂಗೆ ಆಗುತ್ತೆ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳವನ್ನೆಲ್ಲ ನಾನು ವಾಪಸ್ ಕಟ್ಟಿಟ್ಟೆ. ಅತ್ತೆ ಮಂಚದ ಅಂಚಿಗೆ ಕೂತು, ಮಾವನ ಕೆನ್ನೆಯ ಮೇಲೆ ಪಟ್ಟಿ ಒತ್ತಿ ಮೂಡಿದ್ದ ಗೆರೆಯನ್ನು ಸೆರಗಿನಿಂದ ಮೆಲ್ಲಗೆ ಉಜ್ಜಿದರು. ಹೊರಗೆ ಹಿನ್ನೀರಿನ ಮೇಲೆ ಮಳೆ ಶುರುವಾಗಿತ್ತು. ಅತ್ತೆ ಅದನ್ನೇ ನೋಡುತ್ತ, ನನ್ನ ಕಡೆ ತಿರುಗದೆ ಹೇಳಿದರು.

"ಕಾರು ಹೇಗೂ ವಾಪಸ್ ಹೋಗುತ್ತಲ್ಲ, ಸಂಜೆಯೊಳಗೆ ಮನೆಯಿಂದ ನನ್ನ ಮಾಸ್ಕ್ ತಂದುಕೊಡೇ."