ಸಮಿತಿ ಬಿಟ್ಟು ಹೊರಟ ಟಫ್ಲಿ

ಕೇಕಿನ ಡಬ್ಬಿಯನ್ನು ಮೀಟಿಂಗಿಗೆ ತಂದದ್ದೇ ಸೆಡ್ರಿಕ್ ಟಫ್ಲಿ ಮಾಡಿದ ತಪ್ಪು. ಮಗಳ ಮದುವೆಯ ಹಣ್ಣಿನ ಕೇಕಿನ ಮೇಲಂತಸ್ತು ಅದು. ಮೊದಲ ಮಗುವಿನ ನಾಮಕರಣಕ್ಕೆಂದು ಎತ್ತಿಟ್ಟು, ಎರಡು ವರ್ಷದಿಂದ ಚಮಚ ಚಮಚ ಬ್ರಾಂದಿ ಕುಡಿಸಿ ಸಾಕಿದ್ದ. ನಾಮಕರಣ ನಾಳೆ, ಕಡಲಾಚೆ ಕ್ಯಾಲೆಯಲ್ಲಿ. ಇದೇ ಊರು ಡೋವರಿನ ಬಂದರಿನಿಂದ ಹಡಗು ಐದು ಗಂಟೆಗೆ.

“ಹತ್ತೇ ನಿಮಿಷ ಟಫ್ಲಿಯವರೇ, ಕೈ ಎತ್ತಿ ಹೋಗ್ಬಿಡಿ” ಎಂದಿದ್ದರು ಸಭಾಭವನ ಸಮಿತಿಯ ಅಧ್ಯಕ್ಷೆ ಮಿಸೆಸ್ ಪೆಟಿಫರ್. ಅದು ಎರಡು ಗಂಟೆಯ ಮಾತು.

ದೇಶ ನಾಳೆ ಯುರೋಪಿನ ಒಕ್ಕೂಟ ಬಿಡಬೇಕಿತ್ತು. ಅದಕ್ಕೆಂದು ಭವನದಲ್ಲಿ ವಿದಾಯ ಕೂಟವಿಟ್ಟು ತೋರಣ ಕಟ್ಟಿಯಾಗಿತ್ತು. ಆದರೆ ಘನ ಪಾರ್ಲಿಮೆಂಟು ನಿನ್ನೆ ಎಂಟು ದಾರಿಗಳನ್ನು ಮತಕ್ಕೆ ಹಾಕಿ ಎಂಟಕ್ಕೂ ಬೇಡವೆಂದು ಮಲಗಲು ಹೋಗಿತ್ತು. ಗಡುವೂ ಮುಂದಕ್ಕೆ ಹೋಗಿತ್ತು. ಈಗ ಕೂಟದ ಗತಿಯೇನು?

“ದೇಶ ಹೋಗದಿದ್ರೆ ನಮಗೇನು? ನಾಳೇನೇ ಮಾಡೋಣ” ಎಂದ ಮಾಂಸದಂಗಡಿಯ ಸ್ಟ್ಯಾನರ್ಡ್. ಇದ್ದ ಆರು ಜನರಲ್ಲಿ ಪರ ಮೂರು, ವಿರುದ್ಧ ಮೂರು. ಸಲಹೆ ಬಿತ್ತು.

“ಊರವರನ್ನೇ ಇನ್ನೊಂದ್ಸಲ ಕೇಳೋಣ” ಎಂದರು ನಿವೃತ್ತ ಮೇಷ್ಟ್ರು ಇಂಗಲ್ಬಿ.

“ದೇಶದವರನ್ನ ಒಂದ್ಸಲ ಕೇಳಿದ್ದಕ್ಕೇ ಈ ಪಾಡು ಮೇಷ್ಟ್ರೇ” ಎಂದ ಸ್ಟ್ಯಾನರ್ಡ್.

ಮೂರು, ಮೂರು. ತೋರಣ ಇರಲಿ ಟೀ ಬೇಡ, ಟೀ ಇರಲಿ ಭಾಷಣ ಬೇಡ, ಎಲ್ಲವೂ ಬಿದ್ದವು. ಪ್ರತಿ ಸೋಲಿಗೂ ಒಂದು ಸುತ್ತು ಟೀ. “ಟೀ ಜೊತೆಗೆ ಏನೂ ಇಲ್ವಾ?” ಎನ್ನುತ್ತ ಸ್ಟ್ಯಾನರ್ಡ್ ಡಬ್ಬಿಯತ್ತ ನೋಡಿದ. ಟಫ್ಲಿ ಅದನ್ನು ಕುರ್ಚಿಯ ಕೆಳಗೆ ತಳ್ಳಿದ.

ನಾಲ್ಕೂಕಾಲಿಗೆ ಎಂಟನೆಯದೂ ಬಿದ್ದಾಗ ಟಫ್ಲಿಗೆ ರೇಗಿಹೋಯಿತು.

“ಮೂರು ವರ್ಷದಿಂದ ಪಾರ್ಲಿಮೆಂಟಿನವರೂ ಇದನ್ನೇ ಮಾಡಿದ್ರು, ನೀವೂ ಇದನ್ನೇ ಮಾಡ್ತಿದ್ದೀರಿ. ನಾಚಿಕೆ ಆಗ್ಬೇಕು ನಿಮಗೆ. ನಾನು ಸಮಿತಿ ಬಿಟ್ಟೆ.”

“ಹಾಗೆಲ್ಲ ಬಿಡೋಕಾಗಲ್ಲ ಕಣ್ರೀ” ಎಂದರು ಅಧ್ಯಕ್ಷೆ. “ಏನು ಷರತ್ತಿನ ಮೇಲೆ ಬಿಡ್ತೀರಿ?”

“ಷರತ್ತೂ ಇಲ್ಲ, ಗಿರತ್ತೂ ಇಲ್ಲ.”

“ಮತಕ್ಕೆ ಹಾಕೋಣ” ಎಂದರು ಮೇಷ್ಟ್ರು.

ಟಫ್ಲಿ ತನ್ನ ಬಳಿಯಿದ್ದ ಭವನದ ಕೀಲಿಕೈಯನ್ನು ಮೇಜಿನ ಮೇಲೆ ಕುಕ್ಕಿ ಹೊರಟೇಬಿಟ್ಟ.

ಬಂದರಿನ ಗೇಟಿನಲ್ಲಿ ಟಿಕೆಟ್ಟಿಗೆ ತಡಕಾಡುವಾಗ ಗೊತ್ತಾಯಿತು, ಎರಡೂ ಕೈ ಖಾಲಿ. ಡಬ್ಬಿ ಕುರ್ಚಿಯ ಕೆಳಗೇ ಉಳಿದಿತ್ತು. ಎದ್ದೆನೋ ಬಿದ್ದೆನೋ ಎಂದು ಹಿಂದಕ್ಕೆ ಓಡಿದ.

ಭವನದಲ್ಲಿ ನಗು ಕೇಳುತ್ತಿತ್ತು.

“ಬನ್ನಿ ಬನ್ನಿ” ಎಂದರು ಮಿಸೆಸ್ ಪೆಟಿಫರ್. “ನೀವು ಹೋದ್ಮೇಲೆ ಐದೇ ಜನ ನೋಡಿ, ತೀರ್ಮಾನ ಆಗೇಹೋಯ್ತು. ಅದೂ ಒಮ್ಮತದಿಂದ.”

“ಏನಂತ?”

“ನಾನು ರಾಜೀನಾಮೆ ಕೊಟ್ಟೆ. ಕೂಟದ ತಲೆನೋವೆಲ್ಲ ಹೊಸ ಅಧ್ಯಕ್ಷರಿಗೇ ಬಿಟ್ಟಿದ್ದು. ಬೇಡ ಅನ್ನೋಕೆ ಎದುರಿಗಿಲ್ಲದವರನ್ನ ತಾನೇ ನಾವು ಯಾವಾಗ್ಲೂ ಆರಿಸೋದು? ನಿಮ್ಮನ್ನೇ ಆರಿಸಿಬಿಟ್ವಿ.” ಕೀಲಿಕೈಯನ್ನು ಅವನತ್ತ ಸರಿಸಿದರು.

ಸ್ಟ್ಯಾನರ್ಡ್ ಮೀಸೆಯ ಮೇಲಿನ ಕೇಕಿನ ಪುಡಿ ಒರೆಸಿಕೊಂಡ. “ಆ ಖುಷಿಗೆ ನಿಮ್ಮ ಡಬ್ಬಿ ಬಿಚ್ಚಿದ್ವಿ ಅಧ್ಯಕ್ಷರೇ. ನಿಮಗೂ ಒಂದು ತುಂಡು ಇಟ್ಟಿದೀವಿ.”

ಬಂದರಿನ ಕಡೆಯಿಂದ ಹಡಗಿನ ಕೂಗು ಕೇಳಿಸಿತು. ಇಡೀ ದೇಶದಲ್ಲಿ ಅದೊಂದಾದರೂ ಹೇಳಿದ ಹೊತ್ತಿಗೆ ಸರಿಯಾಗಿ ಬಿಟ್ಟಿತ್ತು.