ನಿಧಾನವಾಗಿ ಬಂದ ಮದುವೆ ಫೋಟೋಗಳು

ಎರಡು ಕಂಪ್ಯೂಟರಿನ ನಡುವೆ ಒಂದು ವೈರು ಎಳೆದರೆ ಸಾಕು, ಇವತ್ತಲ್ಲ ನಾಳೆ ನನಗೆ ಫೋನ್ ಬಂದೇ ಬರುತ್ತದೆ. ಇಷ್ಟು ವರ್ಷದ ರಿಪೇರಿ ಕೆಲಸದಲ್ಲಿ ಹೆಚ್ಚು ನೆನಪಾಗುವುದು ವಿಜಯನಗರದ ಒಂದು ಫೋಟೋ ಸ್ಟುಡಿಯೋ. ಕೌಂಟರಿನಲ್ಲೊಂದು ಕಂಪ್ಯೂಟರ್, ಒಳಗೆ ಆಲ್ಬಂ ಮಾಡಲು ಇನ್ನೊಂದು. ಒಳಗಿನ ಫೋಟೋ ಹೊರಗೆ ಬರುವುದೇ ದೊಡ್ಡ ಕಥೆ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಆ ರಸ್ತೆಗೆ ಹೋದರೆ ನನ್ನ ಗಾಡಿ ತಾನಾಗೇ ಸ್ಲೋ ಆಗುತ್ತದೆ.

ಬೀರು

ಮೊದಲ ಸಲ ಹೋದಾಗ ಯಜಮಾನರು, "ಸಾರ್, ಒಂದು ಫೋಟೋ ಬರೋಷ್ಟರಲ್ಲಿ ನಾನು ಕಾಫಿ ಕುಡಿದು ಬರ್ತೀನಿ" ಎಂದರು. ವೈರಿನ ಜಾಡು ಹಿಡಿದು ಹೋದರೆ, ಅದು ಕಬ್ಬಿಣದ ಬೀರುವಿನ ಕಾಲಡಿ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಬೀರು ತುಂಬ ಹಳೇ ಆಲ್ಬಂಗಳು.

"ಇದರ ಭಾರಕ್ಕೇ ಸ್ಲೋ ಆಗಿರೋದು" ಎಂದೆ.

ಅವರು ಬೀರುವಿನ ಬಾಗಿಲು ತೆಗೆದು ನೋಡಿದರು. "ಹಂಗಾದ್ರೆ ಬೀರು ಸರಿಸೋದು ಬೇಡ ಸಾರ್. ದಪ್ಪ ದಪ್ಪ ಆಲ್ಬಂ ತೆಗೆದುಬಿಟ್ರೆ ಫಾಸ್ಟ್ ಆಗಲ್ವಾ?"

ಊಟ ಆದಮೇಲೆ

ಹೊಸ ವೈರು ಹಾಕಿದೆ. ಬೆಳಿಗ್ಗೆಯೆಲ್ಲ ಚೆನ್ನಾಗಿತ್ತು, ಊಟ ಆದಮೇಲೆ ಮತ್ತೆ ನಿಧಾನ. ಒಂದು ಮಧ್ಯಾಹ್ನ ಹೋಗಿ ನೋಡಿದರೆ ಯಜಮಾನರ ತಾಯಿ ಕೌಂಟರಿನಲ್ಲಿ ಕೂತು, ಒಳಗಿನ ಕಂಪ್ಯೂಟರಿನಲ್ಲಿದ್ದ ಮದುವೆ ವಿಡಿಯೋವನ್ನು ವೈರಿನ ಮೂಲಕವೇ ನೋಡುತ್ತಿದ್ದರು. ಕಣ್ಣಲ್ಲಿ ನೀರು.

"ನಿಮ್ಮೋರ ಮದುವೇನಾ ಅಮ್ಮಾ?"

"ಇಲ್ಲಪ್ಪ, ಯಾರದ್ದೋ. ಹುಡುಗೀನ ಕಳಿಸಿಕೊಡೋದು ನೋಡಿದ್ರೆ ಕರುಳು ಚುರ್ ಅನ್ನುತ್ತೆ."

"ಈ ಕಂಪ್ಯೂಟರಿಗೇ ಒಂದು ಕಾಪಿ ಹಾಕಿಕೊಡ್ಲಾ? ಆಗ ಒಳಗಿನ ಕೆಲಸಕ್ಕೆ ತೊಂದರೆ ಆಗಲ್ಲ."

"ಛೆ, ಬೇಡಪ್ಪ! ಬೇರೆಯವರ ಮನೆ ಮದುವೆ. ನೋಡ್ಕೊಂಡು ಅಲ್ಲೇ ಬಿಟ್ಟುಬಿಡಬೇಕು."

ಸುತ್ತು

ಇದನ್ನು ನೆನೆಸಿಕೊಂಡರೆ ಈಗಲೂ ನಗು ತಡೆಯಲಾಗುವುದಿಲ್ಲ. ಒಂದು ಮದುವೆಯಲ್ಲಿ ಬೆಳಿಗ್ಗೆ ಧಾರೆಯಾಗಿದೆ, ಸಂಜೆ ರಿಸೆಪ್ಷನ್ನಿನಲ್ಲಿ ಪರದೆ ಮೇಲೆ ಫೋಟೋ ತೋರಿಸಬೇಕು. ಹುಡುಗಿಯ ತಂದೆ ಪಂಚೆ ಶಲ್ಯದಲ್ಲೇ ಬಂದು ನಿಂತಿದ್ದಾರೆ. ಸಿಡಿ ಬರೆಯುವುದು ಕೌಂಟರಿನ ಕಂಪ್ಯೂಟರಿನಲ್ಲಿ ಮಾತ್ರ, ಒಳಗಿನಿಂದ ಅಲ್ಲಿಗೆ ಒಂದು ಫೋಟೋನೂ ಅಲ್ಲಾಡುತ್ತಿಲ್ಲ. ಇದ್ದೊಂದು ಪೆನ್ ಡ್ರೈವ್ ಛತ್ರದಲ್ಲಿ, ಕ್ಯಾಮೆರಾದವನ ಜೇಬಿನಲ್ಲಿ. ಯಜಮಾನರ ಶರ್ಟು ಬೆವರಿಗೆ ಒದ್ದೆ.

ಫೋನ್ ಬಂದ ತಕ್ಷಣ ಓಡಿಹೋಗಿ, ವೈರುಗಳೆಲ್ಲ ಸೇರುವ ಡಬ್ಬಿ ನೋಡಿದೆ. ಒಂದೇ ವೈರಿನ ಎರಡು ತುದಿಯೂ ಅದಕ್ಕೇ ಸಿಕ್ಕಿಸಿತ್ತು!

"ಇದ್ಯಾರು ಹಾಕಿದ್ದು?"

"ನಾನೇ ಕಣಪ್ಪ" ಎಂದರು ಯಜಮಾನರ ತಾಯಿ. "ಧೂಳು ಹೊಡೀವಾಗ ಒಂದು ತುದಿ ನೇತಾಡ್ತಿತ್ತು. ಪಾಪ ಅಂತ ಪಕ್ಕದ ತೂತಿಗೆ ಸಿಕ್ಕಿಸಿದೆ."

"ಅಯ್ಯೋ ಅಮ್ಮಾ, ಅದಕ್ಕೇ ಎಲ್ಲಾ ಹೊರಗೆ ಬರದೆ ಡಬ್ಬಿ ಒಳಗೇ ಸುತ್ತು ಹೊಡೀತಿದೆ!" ಎನ್ನುತ್ತ ವೈರು ಕಿತ್ತೆ. ಫೋಟೋಗಳು ಓಡೋಡಿ ಬಂದವು. ಹುಡುಗಿಯ ತಂದೆ ಕುರ್ಚಿ ಎಳೆದುಕೊಂಡು ಕೂತರು.

ತಾಯಿ ಮಾತ್ರ ತಣ್ಣಗೆ ಹೇಳಿದರು: "ಮದುವೆ ಫೋಟೋ ಅಲ್ವೇನಪ್ಪಾ? ಸುತ್ತು ಹಾಕದೆ ಮಂಟಪ ಬಿಟ್ಟು ಬರ್ತವಾ!"